ಗೆರೆಯ ಎರಡೂ ಬದಿಗೆ ಬರೆದ ಹೆಸರುಗಳು

ಈ ಬರಹದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಊರಿನ ಹೆಸರೂ ಬೇಡ. ಇಂಡಿಯಿಂದ ಸಿಂದಗಿ ಕಡೆಗೆ ಹೋಗುವ ಟೆಂಪೋ ಹತ್ತಿ, ನಿಂಬೆ ತೋಟಗಳು ಮುಗಿದು ತೊಗರಿ ಹೊಲಗಳು ಶುರುವಾಗುವ ಕಡೆ ಇಳಿದರೆ ನಮ್ಮೂರು. ಇಷ್ಟು ಸಾಕು. ಒಮ್ಮೆ ಹೆಸರು ಬರೆದು ಏನಾಯಿತು ಎಂಬುದನ್ನು ಹೇಳುವುದಕ್ಕೇ ಕೂತಿದ್ದೇನೆ. ಈಗ ಹೇಳಿದರೆ ಇನ್ನು ಕೆಡುವುದು ಏನೂ ಉಳಿದಿಲ್ಲ.

ನಮ್ಮ ಗುಡಿ ಒಂದೇ ಕೋಣೆಯದು. ಚರ್ಚ್ ಅನ್ನುವುದು ಪಟ್ಟಣದವರ ಮುಂದೆ ಮಾತ್ರ. ಓಣಿಯಲ್ಲಿ ಅದು ಗುಡಿ, ಅಲ್ಲಿ ಸೇರುವ ಮಂದಿ ಸಭೆ. ಕಲ್ಲಿನ ಗೋಡೆ, ಮೇಲೆ ತಗಡು, ಕೆಳಗೆ ಸಗಣಿ ಸಾರಿಸಿದ ನೆಲ. ಗೋಪುರವಿಲ್ಲ, ಗಂಟೆಯಿಲ್ಲ. ಶಿಲುಬೆಯನ್ನು ಬಾಗಿಲ ಮೇಲೇ ಹಾಕಿದ್ದರು, ಆದರೆ ಒಳಬದಿಗೆ. ಒಳಗೆ ಬರುವವರಿಗೆ ಅದು ಕಾಣುತ್ತಿರಲಿಲ್ಲ. ಪ್ರಾರ್ಥನೆ ಮುಗಿಸಿ ಹೊರಗೆ ಹೊರಟವರಿಗಷ್ಟೇ ಕಾಣುತ್ತಿತ್ತು. ರಸ್ತೆಯಿಂದ ನೋಡಿದವರು ಯಾರದೋ ಜೋಳ ತುಂಬಿಡುವ ಕೋಣೆ ಎಂದುಕೊಂಡು ಹೋಗಬೇಕು, ಹಾಗಿತ್ತು. ಚಿಕ್ಕವಳಿದ್ದಾಗ ಯಾಕೆ ಹೀಗೆ ಎಂದು ಅಪ್ಪನನ್ನು ಕೇಳಿದ್ದೆ. ನಮ್ಮ ಮಂದಿಗೆ ಗೊತ್ತಿದ್ದರೆ ಸಾಕಲ್ಲ ಎಂದಿದ್ದ.

ಅವ್ವ ಹೇಳುತ್ತಿದ್ದಂತೆ ಮೊದಲು ಬಂದದ್ದು ಬಾವಿ, ಗುಡಿ ಆಮೇಲೆ. ನಮ್ಮ ಓಣಿಯವರು ಊರ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿದರೆ ಕೊಡ ತುಂಬುತ್ತಿತ್ತು, ಇಲ್ಲವಾದರೆ ಇಲ್ಲ. ಅವ್ವನ ಅಜ್ಜಿ ಒಂದು ಕೊಡಕ್ಕಾಗಿ ಹೊತ್ತು ಏರುವ ತನಕ ಕೂತಿರುತ್ತಿದ್ದಳಂತೆ. ಎಲ್ಲಿಂದಲೋ ನಡೆದು ಬಂದ ಒಬ್ಬ ಉಪದೇಶಿ ಓಣಿಯ ಅಂಚಿಗೆ ಬಿಡಾರ ಹೂಡಿ, ಗಂಡಸರ ಜೊತೆ ತಾನೂ ಗುದ್ದಲಿ ಹಿಡಿದು ಬಾವಿ ತೋಡಿದ. ನೀರು ಸ್ವಲ್ಪ ಉಪ್ಪಾಗಿತ್ತು, ಆದರೆ ನಮ್ಮದಾಗಿತ್ತು. ಅದೇ ಬಾವಿಯ ಪಕ್ಕದಲ್ಲಿ ಕೂತು ಅವನು ಹಾಡು ಹೇಳಿಕೊಟ್ಟ. ಆಗಿನ ಗೌಡರು ಕೈಯಲ್ಲಿದ್ದ ಬಾರುಕೋಲು ಚಾಚಿ, ಈ ಬೇವಿನ ಗಿಡದಿಂದ ಆ ಹಾಸುಗಲ್ಲಿನ ತನಕ ನಿಮಗೆ ಎಂದರಂತೆ. ಕಾಗದ, ಮುದ್ರೆ ಯಾವುದೂ ಇಲ್ಲ. ಬಾಯಿಮಾತಿನ ಮೇಲೆ ಕಟ್ಟಿದ ಗೋಡೆ ನನ್ನ ಕಾಲದ ತನಕ ನಿಂತಿತ್ತು.

ಶನಿವಾರ ಸಾರಿಸುವ ಪಾಳಿ ಹೆಂಗಸರದು. ಎರಡು ಮನೆಗೆ ಒಂದು ವಾರ. ಭಾನುವಾರ ಜಮಖಾನೆ ಹಾಸಿ ಗಂಡಸರು ಕಿಟಕಿ ಕಡೆ, ನಾವು ಗೋಡೆ ಕಡೆ ಕೂಡುತ್ತಿದ್ದೆವು. ವಾರ ಬಿಟ್ಟು ವಾರ ಇಂಡಿಯಿಂದ ಸಭಾಪಾಲಕರು ಮೋಟಾರ್‌ಸೈಕಲ್ ಮೇಲೆ ಬರುತ್ತಿದ್ದರು. ಅವರು ಬಾರದ ವಾರ ನಾನು ಓದುತ್ತಿದ್ದೆ. ಪೇಟಿ, ದಮ್ಮಡಿ ಇಟ್ಟುಕೊಂಡು ಭಜನೆಯ ಧಾಟಿಯಲ್ಲೇ ನಮ್ಮ ಹಾಡು. ಕರ್ತನ ಭೋಜನಕ್ಕೆ ಒಣದ್ರಾಕ್ಷಿಯನ್ನು ಹಿಂದಿನ ದಿನ ನೆನೆಹಾಕಿ ಕಿವುಚಿ ಸೋಸಿ ಇಡುವುದು ನನ್ನ ಕೆಲಸ. ಸುಗ್ಗಿ ಆರಾಧನೆಗೆ ಮೇಜಿನ ಮೇಲೆ ಜೋಳದ ತೆನೆ, ಹಸಿ ಕಡಲೆ ಗಿಡ, ಗಡ್ಡೆ ಉಳ್ಳಾಗಡ್ಡಿ, ಒಮ್ಮೊಮ್ಮೆ ಕಾಲು ಕಟ್ಟಿದ ಕೋಳಿ. ಅದು ಪ್ರಾರ್ಥನೆಯ ನಡುವೆ ಕೂಗಿದರೆ ಮಕ್ಕಳು ಆಮೆನ್ ಅನ್ನುತ್ತಿದ್ದರು. ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ನಮ್ಮ ಗಂಡಸರು ಹೆಜ್ಜೆ ಹಾಕಲು ಹೋಗುತ್ತಿದ್ದರು, ಊರ ದೇವಿಯ ಹಬ್ಬದ ಹೋಳಿಗೆ ನಮ್ಮ ಮನೆಗೂ ಬರುತ್ತಿತ್ತು, ಕ್ರಿಸ್‌ಮಸ್ಸಿಗೆ ನಮ್ಮ ಶೇಂಗಾ ಹೋಳಿಗೆ ಅವರ ಮನೆಗೆ. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಸಭೆಯ ದಫ್ತರ ನಮ್ಮ ಮನೆಯಲ್ಲಿತ್ತು. ಅಪ್ಪ ಸಭೆಯ ಹಿರಿಯನಾಗಿದ್ದ, ಅವನ ನಂತರ ನನ್ನ ಕೈಗೆ ಬಂತು. ನಾನು ಹತ್ತನೆಯ ತನಕ ಕಲಿತವಳು, ಅಕ್ಷರ ದುಂಡಗೆ. ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಜಂಪರು ಹೊಲಿಯುತ್ತ ಓಣಿಯ ಅರ್ಜಿಗಳನ್ನೂ ಬರೆದುಕೊಡುತ್ತಿದ್ದೆ. ದಫ್ತರದಲ್ಲಿ ಯಾರಿಗೆ ದೀಕ್ಷಾಸ್ನಾನ ಆಯಿತು, ಯಾರಿಗೆ ಮದುವೆ, ಯಾರು ತೀರಿಕೊಂಡರು ಬರೆಯುವುದು. ಅಷ್ಟಕ್ಕೇ ನನಗೆ ಸಮಾಧಾನ ಆಗುತ್ತಿರಲಿಲ್ಲ. ಆ ದಿನ ಮಳೆ ಬಂತೇ, ಮಗು ಅತ್ತಿತೇ, ಯಾವ ಹಾಡು ಹೇಳಿದೆವು, ಎಲ್ಲ ಬರೆದಿಡುತ್ತಿದ್ದೆ.

ಆ ದಫ್ತರದಲ್ಲಿ ಇದ್ದದ್ದು ನಮ್ಮ ಗುಡಿಯ ಹೆಸರುಗಳು. ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಹುಟ್ಟಿದ ಪ್ರತಿ ಮಗುವಿಗೆ ಎರಡು ಹೆಸರು. ಗುಡಿಯಲ್ಲಿ ನೀರು ಹಾಕುವಾಗ ಬೈಬಲ್ಲಿನದೊಂದು ಹೆಸರು, ಸಾಲಿಗೆ ಹಚ್ಚುವಾಗ ಊರ ಮಂದಿ ಇಡುವಂಥದೇ ಒಂದು ಹೆಸರು. ಮನೆಯಲ್ಲಿ ಮೊದಲನೆಯದರಿಂದ ಕರೆಯುತ್ತಾರೆ, ಮಾಸ್ತರರು ಎರಡನೆಯದರಿಂದ. ಆಧಾರ್ ಕಾರ್ಡು, ರೇಶನ್ ಕಾರ್ಡು, ಜಾತಿ ಪ್ರಮಾಣಪತ್ರ ಎಲ್ಲದರಲ್ಲೂ ಎರಡನೆಯದು. ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾವು ಪರಿಶಿಷ್ಟ ಜಾತಿಯವರು. ಗುಡಿಗೆ ಹೋಗುವವರು ಎಂದು ಕಾಗದದಲ್ಲಿ ಬಂದರೆ ಆ ಪ್ರಮಾಣಪತ್ರ ಉಳಿಯುವುದಿಲ್ಲ. ಅದಿಲ್ಲದಿದ್ದರೆ ಹಾಸ್ಟೆಲ್ ಇಲ್ಲ, ಕಾಲೇಜಿನ ಸೀಟಿಲ್ಲ, ನೌಕರಿಯಿಲ್ಲ. ಗುಡಿಗೆ ಹೋದ ಮಾತ್ರಕ್ಕೆ ಊರ ಬಾವಿಯ ಕಟ್ಟೆ ನಮಗೆ ತಗ್ಗಾಗಿರಲಿಲ್ಲ, ಆದರೂ ಕಾನೂನು ಹಾಗೆ. ಸುಳ್ಳು ಹೇಳುತ್ತಿದ್ದೇವೆ ಎಂದು ನಮಗೆ ಅನಿಸುತ್ತಿರಲಿಲ್ಲ. ಎರಡೂ ನಮ್ಮ ಹೆಸರೇ.

ಕೆಲವು ವರ್ಷದ ಹಿಂದೆ, ಜಾಗ ಕೊಟ್ಟ ಆ ಗೌಡರ ಮೊಮ್ಮಗ, ಈಗ ಅವರೂ ಅರವತ್ತು ದಾಟಿದವರು, ನನ್ನನ್ನು ಕರೆಸಿದರು. ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟರು. ಅಣ್ಣತಮ್ಮಂದಿರಲ್ಲಿ ವಾಟ್ನಿ ಆಗಲಿದೆ, ಹೊಲ ಪಾಲಾಗಲಿದೆ. ಗುಡಿಯ ಜಾಗ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ ಎಂದರು. ಪಾಲು ಆಗುವುದರೊಳಗೆ ಓಣಿಯವರ ಹೆಸರಿಗೆ ಬರೆದುಕೊಟ್ಟುಬಿಡುತ್ತೇನೆ, ಆಮೇಲೆ ತಮ್ಮ ನನ್ನ ಮಾತು ಕೇಳುವುದಿಲ್ಲ ಎಂದರು. ದಾರಿಯನ್ನೂ ಅವರೇ ಹೇಳಿಕೊಟ್ಟರು.

“ಸಮುದಾಯ ಭವನ ಅಂತ ಬರಸ್ರಿ. ಓಣ್ಯಾಗಿನ ಹದಿನೈದ ಮಂದಿ ಹೆಸರು, ಆಧಾರ, ಸಹಿ. ಗುಡಿ ಅನ್ನೂ ಮಾತ ಕಾಗದದಾಗ ತರಬ್ಯಾಡ್ರಿ. ಯಾರಿಗೂ ತಕರಾರ ಇರೂದಿಲ್ಲ.”

ಇಂಡಿಯಲ್ಲಿ ಖರೀದಿ ಕಾಗದ ಬರೆಯುವವನೂ ಅದನ್ನೇ ಹೇಳಿದ. ಸಭಾಪಾಲಕರು ಕೂಡ, ಒಳಗೆ ಏನು ನಡೆಯುತ್ತದೆಂದು ದೇವರಿಗೆ ಗೊತ್ತು, ಹೊರಗೆ ಭವನ ಎಂದಿದ್ದರೆ ಇರಲಿ ಎಂದರು. ಮೂವರು ತಿಳಿದವರು ಒಂದೇ ಮಾತು ಹೇಳಿದ್ದರು. ಹದಿನೈದು ಹೆಸರು ಬರೆದು ಸಹಿ ಮಾಡಿಸಿದ್ದರೆ ಗುಡಿ ಉಳಿಯುತ್ತಿತ್ತು.

ನನ್ನ ಮನಸ್ಸು ಒಪ್ಪಲಿಲ್ಲ. ನಾಲ್ಕು ತಲೆಮಾರು ಹಾಡಿದ ಜಾಗ ಸರಕಾರದ ಪುಸ್ತಕದಲ್ಲಿ ಮದುವೆ ಊಟದ ಭವನ ಅನ್ನಿಸಿಕೊಳ್ಳಬೇಕೇ ಎಂದು ಎರಡು ದಿನ ಕೊರಗಿದೆ. ನನ್ನ ನಂತರ ದಫ್ತರ ಯಾರು ಇಡುತ್ತಾರೋ; ಒಂದು ಕಾಗದದಲ್ಲಾದರೂ ನಾವು ಇದ್ದೆವು ಎಂದು ಇರಲಿ ಎನಿಸಿತು. ಹೊಲಿಗೆ ಬದಿಗಿಟ್ಟು, ದೊಡ್ಡ ಹಾಳೆ ತಂದು, ಸ್ಕೇಲು ಹಿಡಿದು ನಡುವೆ ಉದ್ದಕ್ಕೆ ಗೆರೆ ಎಳೆದೆ. ಮೇಲೆ ‘ಕ್ರೈಸ್ತ ಸಭೆಯ ಸದಸ್ಯರ ಪಟ್ಟಿ’ ಎಂದು ತಲೆಬರಹ ಕೊಟ್ಟೆ. ಗೆರೆಯ ಎಡಕ್ಕೆ ಗುಡಿಯ ಹೆಸರು, ದೀಕ್ಷಾಸ್ನಾನದ ದಿನ; ಬಲಕ್ಕೆ ಆಧಾರಿನ ಹೆಸರು, ನಂಬರು, ಸಹಿ. ಹದಿನೈದಕ್ಕೆ ನಿಲ್ಲಿಸಲಿಲ್ಲ. ಓಣಿಯ ಎಲ್ಲರನ್ನೂ, ಕಲಿಯಲು ಹೋದ ಮಕ್ಕಳನ್ನು ಕೂಡ, ಸೇರಿಸಿದೆ. ಬಿಟ್ಟರೆ ಬೇಜಾರಾಗುತ್ತದೆ ಎಂದು.

ಸಹಿಗೆ ಮನೆಮನೆ ತಿರುಗಿದ ಆ ಸಂಜೆ ಓಣಿಯಲ್ಲಿ ಹಬ್ಬದ ಕಳೆ ಇತ್ತು. ಎಡಬದಿಯ ಹೆಸರುಗಳನ್ನು ಗಟ್ಟಿಯಾಗಿ ಓದಿಸಿಕೊಂಡರು. ಎಲ್ಲರಿಗಿಂತ ಹಿರಿಯಳಾದ ಒಬ್ಬ ಮುದುಕಿ ತನ್ನ ಹೆಸರಿನ ಮೇಲೆ ಬೆರಳಾಡಿಸಿ, ಎರಡೇ ಯಾಕೆ ಬರೆದೀ ಎಂದಳು.

“ನನ್ನ ಗಂಡ ಕರೀತಿದ್ದ ಹೆಸರೂ ಬರಿ. ಮೂರ ಆಗ್ತಾವ.”

“ಅದನ್ನ ಬರದ್ರ ಗೌಡರ ನಾಚಿ ಓಡತಾರ ಬೇ ಯಮ್ಮಾ” ಎಂದಳು ಸೊಸೆ.

ನನ್ನ ಚಿಗವ್ವನ ಮಗಳ ಮನೆಗೆ ಕೊನೆಗೆ ಹೋದೆ. ಒಂದೇ ಅಂಗಳದಲ್ಲಿ ಬೆಳೆದವರು ನಾವು, ತಂಗಿಯೆಂದರೆ ಅವಳೇ. ಅವಳ ಮಗಳು ವಿಜಯಪುರದಲ್ಲಿ ನರ್ಸಿಂಗ್ ಮುಗಿಸಿ, ಅದೇ ತಿಂಗಳು ಸರಕಾರಿ ದವಾಖಾನೆಯ ನರ್ಸ್ ಹುದ್ದೆಗೆ ಆಯ್ಕೆಯಾಗಿದ್ದಳು. ನಿಡಗುಂದಿ ಕಡೆ ಎಲ್ಲಿಯಾದರೂ ಹಾಕಬಹುದು ಎಂದು ಮಾತಾಡುತ್ತಿದ್ದರು. ಜಾತಿಯ ಕಾಗದದ ಪರಿಶೀಲನೆ ಒಂದು ಬಾಕಿ ಇತ್ತು. ನಮ್ಮ ಓಣಿಯಿಂದ ಅಂಥ ನೌಕರಿಗೆ ಹೋಗುವ ಮೊದಲ ಹೆಣ್ಣುಮಗಳು ಅವಳು. ನನಗೆ ದೊಡ್ಡವ್ವ ಅನ್ನುತ್ತಿದ್ದಳು. ಗುಡಿಯಲ್ಲಿ ನಾನೇ ಅವಳನ್ನು ಎತ್ತಿಕೊಂಡು ನಿಂತು ನೀರು ಹಾಕಿಸಿದ್ದೆ. ತಂಗಿ ಪಟ್ಟಿ ನೋಡಿ ಪೆನ್ನು ಹಿಡಿದವಳು ಒಂದು ಗಳಿಗೆ ತಡೆದಳು.

“ಇದ ಎಲ್ಲಿಗಿ ಹೋಗ್ತೈತಿ ಯಕ್ಕಾ?”

“ಗೌಡರ ಮನಿಗಿ, ಕಾಗದ ಬರಿಯಾವನ ಕಡಿ. ಅಷ್ಟ.”

ಸಹಿ ಮಾಡಿದಳು. ಮಗಳದೂ ತಾನೇ ಮಾಡಿದಳು.

ಅಷ್ಟೇ ಆಗಿದ್ದರೆ. ಮರುದಿನ ಇಂಡಿಯಲ್ಲಿ ಝೆರಾಕ್ಸ್ ಮಾಡಿಸುವಾಗ, ಒಂದೇ ಕಡೆ ಇದ್ದರೆ ಕಳೆದೀತು ಎಂದು ಗೌಡರಿಗೆ, ಕಾಗದ ಬರೆಯುವವನಿಗೆ ಬೇಕಾದ ಪ್ರತಿಗಳ ಜೊತೆ ಇನ್ನೂ ಒಂದು ತೆಗೆಸಿ ನಮ್ಮೂರ ಪಂಚಾಯ್ತಿಗೆ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆ. ಯಾರೂ ಕೇಳಿರಲಿಲ್ಲ. ಎಲ್ಲವನ್ನೂ ಜೋಪಾನ ಮಾಡಿ ಇಡುವವಳು ನಾನು. ಅದೇ ಚಟ.

ಎಂಟು ದಿನಕ್ಕೆ, ಊರ ಲೆಕ್ಕಪತ್ರ ನೋಡುವ ತಲಾಟಿ ಓಣಿಗೆ ಬಂದರು. ತಂಗಿಯ ಮಗಳ ಜಾತಿಯ ಬಗ್ಗೆ ಊರಲ್ಲಿ ಕೇಳಿ ವರದಿ ಬರೆಯುವುದು ಅವರ ಕೆಲಸ. ಇಂಥದಕ್ಕೆ ಮುಂಚೆಯೂ ಬಂದಿದ್ದರು, ಕಟ್ಟೆಯ ಮೇಲೆ ಕೂತು ಎರಡು ಮಾತು ಕೇಳಿ ಬರೆದುಕೊಂಡು ಹೋಗಿದ್ದರು. ಈ ಸಲ ಮೊದಲು ಪಂಚಾಯ್ತಿಗೆ ಹೋಗಿದ್ದರು. ಕೈಯಲ್ಲಿ ನನ್ನ ಪಟ್ಟಿಯ ಪ್ರತಿ ಇತ್ತು. ಕೆಟ್ಟ ಮನುಷ್ಯರಲ್ಲ. ಬೈಯಲಿಲ್ಲ, ಹೆದರಿಸಲಿಲ್ಲ. ನನ್ನ ಹೊಲಿಗೆ ಯಂತ್ರದ ಮುಂದೆ ನಿಂತು ಮೆಲ್ಲಗೆ ಕೇಳಿದರು.

“ಇದನ್ನ ನೀವ ಬರದದ್ದೇನ್ರಿ? ಅಕ್ಷರ ಭಾಳ ಚಂದ ಅದಾವ.”

ಹೌದ್ರಿ ಎಂದೆ. ಆ ಗಳಿಗೆಯಲ್ಲೂ ನನಗೆ ಹೊಳೆಯಲಿಲ್ಲ. ಮೆಚ್ಚಿದರಲ್ಲ ಎಂದು ಒಳಗೆ ಹಿಗ್ಗಿದೆ. ಚಹಾ ಇಡಲೇ ಎಂದು ಕೂಡ ಕೇಳಿದೆ. ಅವರು ಪಟ್ಟಿಯ ಹದಿನೇಳನೆಯ ಸಾಲಿನ ಮೇಲೆ ಪೆನ್ನಿಟ್ಟು, ಈ ಎರಡೂ ಹೆಸರು ಒಬ್ಬ ಹುಡುಗಿಯದೇ ಎಂದು ಕೇಳಿದಾಗ ಗೊತ್ತಾಯಿತು. ನಾನು ಹೌದು ಎನ್ನಬೇಕಾಗಿಯೂ ಇರಲಿಲ್ಲ. ಎಲ್ಲ ಅಲ್ಲೇ ಬರೆದಿತ್ತು, ದಿನಾಂಕದ ಸಮೇತ.

ತಂಗಿಯ ಮಗಳ ನೇಮಕಾತಿಗೆ ತಡೆ ಬಿತ್ತು. ವಿಜಯಪುರಕ್ಕೆ ವಿಚಾರಣೆಗೆ ಬರಬೇಕೆಂದು ಕಾಗದ ಬಂತು. ಓಣಿಗೆ ಓಣಿಯೇ ಕಂಗಾಲಾಯಿತು, ಯಾಕೆಂದರೆ ಅದೇ ಹಾಳೆಯಲ್ಲಿ ಎಲ್ಲರ ಮಕ್ಕಳೂ ಇದ್ದರು. ಮುದ್ದೇಬಿಹಾಳದ ಹಾಸ್ಟೆಲಿನಲ್ಲಿ ಇದ್ದವರು, ಐಟಿಐ ಸೇರಿದವರು, ಅಂಗನವಾಡಿಗೆ ಅರ್ಜಿ ಹಾಕಿದ ಸೊಸೆ. ಆ ಭಾನುವಾರ ಜಮಖಾನೆ ಹಾಸಿಕೊಂಡು ಕೂತೆ. ಮುದುಕಿ ಒಬ್ಬಳೇ ಬಂದಳು. ಅವಳಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಇಬ್ಬರೂ ಒಂದು ಹಾಡು ಶುರು ಮಾಡಿ ಎರಡನೆಯ ಚರಣಕ್ಕೆ ನಿಲ್ಲಿಸಿದೆವು. ದಫ್ತರದಲ್ಲಿ ಆ ದಿನ ಏನೂ ಬರೆಯಲಿಲ್ಲ.

ಯಾರೂ ನನಗೆ ಬಂದು ಬೈಯಲಿಲ್ಲ. ನೀರಿನ ಸರತಿಯಲ್ಲಿ ನಾನು ಬಂದರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ಜಂಪರು ಹೊಲಿಯಲು ಕೊಟ್ಟವರು ಹೊಲಿದದ್ದನ್ನು ಮಕ್ಕಳ ಕೈಯಲ್ಲಿ ತರಿಸಿಕೊಂಡರು. ತಂಗಿ ನಾಲ್ಕನೆಯ ದಿನ ಬಂದಳು. ಹೊಸಲಿನ ಒಳಗೆ ಬರಲಿಲ್ಲ.

“ನೀ ಕೆಟ್ಟದ್ದ ಮಾಡಾಕ ಬರದದ್ದಲ್ಲ, ನನಗ ಗೊತ್ತೈತಿ. ಅದ ನನಗ ಸಂಕಟ ಆಗೇತಿ ಯಕ್ಕಾ. ಬೈಯಾಕೂ ಬರವಲ್ದು.”

ಕೂಡು ಎಂದೆ, ಕೂಡಲಿಲ್ಲ. ಒಂದೇ ದಾರಿ ಇದೆ ಎಂದು ವಕೀಲರು ಹೇಳಿದ್ದಾರೆ ಎಂದಳು. ಪಟ್ಟಿ ಬರೆದವರೇ ಅದು ಸುಳ್ಳು ಎಂದು ಬರೆದುಕೊಡಬೇಕು. ನಮ್ಮ ಊರಲ್ಲಿ ಸಭೆಯೇ ಇಲ್ಲ, ಜಾಗದ ಆಸೆಗೆ ನಾನೇ ಹೆಸರು ಹುಟ್ಟಿಸಿ ಬರೆದೆ ಎಂದು. ಹಾಗೆ ಬರೆದುಕೊಟ್ಟರೆ ಗೌಡರ ಮುಂದೆಯೂ ನಮ್ಮ ಮಾತು ಮುಗಿಯುತ್ತದೆ, ಅದು ಅವಳಿಗೂ ಗೊತ್ತಿತ್ತು. ವಾಟ್ನಿಗೆ ಇನ್ನು ಐದೇ ದಿನ ಇತ್ತು.

“ಗುಡಿ ಹೋಗ್ತೈತಿ” ಎಂದೆ.

“ಹೋಗ್ಲಿ. ನನ್ನ ಮಗಳ ಗುಡಿಯಾಗ ಹುಟ್ಟಿಲ್ಲ, ನನ್ನ ಹೊಟ್ಟ್ಯಾಗ ಹುಟ್ಟ್ಯಾಳ.”

ಮರುದಿನ ಮೊದಲನೆಯ ಟೆಂಪೋ ಹಿಡಿದು ಇಂಡಿಗೆ ಹೋದೆ. ತಹಶೀಲ್ದಾರ ಕಚೇರಿಯ ಹೊರಗೆ ಅರ್ಜಿ ಬರೆಯುವವರು ಕೂತಿರುತ್ತಾರೆ, ಅವರಿಗೆ ಕೊಡಲಿಲ್ಲ. ಕಲ್ಲಿನ ಮೇಲೆ ಕೂತು ನಾನೇ ಬರೆದೆ. ನಮ್ಮ ಗ್ರಾಮದಲ್ಲಿ ಯಾವುದೇ ಕ್ರೈಸ್ತ ಸಭೆ ಇರುವುದಿಲ್ಲ. ಸದರಿ ಪಟ್ಟಿಯನ್ನು ನಾನು ಕಲ್ಪಿಸಿ ಬರೆದಿದ್ದು, ಅದರಲ್ಲಿನ ಮೊದಲನೆಯ ಹೆಸರುಗಳು ಯಾರವೂ ಅಲ್ಲ. ಮೂರು ಸಾಲು ಬರೆಯಲು ಎಷ್ಟು ಹೊತ್ತಾಯಿತೋ, ಬಿಸಿಲು ಕಾಲ ಮೇಲಿಂದ ತೊಡೆಯ ಮೇಲೆ ಬಂದಿತ್ತು. ಬರೆಯುವಾಗ ಅಪ್ಪನ ನೆನಪು ಬರಲಿಲ್ಲ, ದೇವರದೂ ಬರಲಿಲ್ಲ. ಅಕ್ಷರ ಕೆಡಬಾರದು ಎಂಬುದೊಂದೇ ತಲೆಯಲ್ಲಿತ್ತು. ಒಳಗೆ ಕೊಟ್ಟೆ, ಮುದ್ರೆ ಬಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಸಭಾಪಾಲಕರು ಎದುರು ಬಂದರು. ಅವರನ್ನು ಕಂಡು ನಾನು ಹಣ್ಣಿನ ಗಾಡಿಯ ಹಿಂದೆ ಸರಿದು ನಿಂತೆ.

ವಿಚಾರಣೆಗೆ ತಾಯಿ ಮಗಳು ಇಬ್ಬರೇ ಹೋದರು. ನನ್ನ ಹೇಳಿಕೆ ಫೈಲಿನಲ್ಲಿ ಇತ್ತು, ಅಧಿಕಾರಿ ಅದನ್ನು ಓದಿಯೂ ಇದ್ದರಂತೆ. ತಿರುಗಿ ಬಂದ ಮೇಲೆ ಹುಡುಗಿ ನೇರ ನನ್ನ ಮನೆಗೆ ಬಂದಳು. ಮುಖ ತೊಳೆದಿರಲಿಲ್ಲ, ಬಸ್ಸಿನ ಧೂಳು ಹಾಗೇ ಇತ್ತು. ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿದಳು.

“ಎಲ್ಲಾ ಛಲೋ ನಡದಿತ್ತು ದೊಡ್ಡವ್ವಾ. ಸಾಲಿ ಹೆಸರ ಹಿಡದ ಕೇಳಿದ್ರು, ಹೇಳಿದ್ನಿ. ಆಮ್ಯಾಗ ಹೊರಗ ಕುಂಡರು ಅಂದ್ರು. ಬಾಗಲಾ ದಾಟೂ ಮುಂದ ಹಿಂದಿಂದ ಗುಡಿ ಹೆಸರ ಹಿಡದ ಕರದ್ರು. ನಾ ತಿರಗಿ ಹೂಂ ರಿ ಅಂದೆ.”

ಅಂಗೈಯಿಂದ ಮುಖದ ಧೂಳು ಒರೆಸಿಕೊಂಡು, “ಅಷ್ಟ” ಎಂದಳು.

ಹುಟ್ಟಿದಂದಿನಿಂದ ಮನೆಯಲ್ಲಿ ಆ ಹೆಸರಿನಿಂದ ಕರೆಸಿಕೊಂಡವಳು. ಹಿಂದಿನಿಂದ ಯಾರು ಕೂಗಿದರೂ ಅವಳು ತಿರುಗಲೇಬೇಕು. ಹಾಗೆ ತಿರುಗಿ ನೋಡಿದ್ದಕ್ಕೆ ಅವಳ ನೌಕರಿ ಹೋಯಿತು. ಅವಳು ಅಳಲಿಲ್ಲ. ನಾನು ಬರೆದುಕೊಟ್ಟ ಮೂರು ಸಾಲು ಯಾವ ಉಪಯೋಗಕ್ಕೂ ಬರಲಿಲ್ಲ ಎಂದು ನಾವಿಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಈಗ ಬಸವನ ಬಾಗೇವಾಡಿಯ ಒಂದು ಖಾಸಗಿ ದವಾಖಾನೆಯಲ್ಲಿ ಇದ್ದಾಳೆ. ಹಗಲು ಪಾಳಿ, ರಾತ್ರಿ ಪಾಳಿ ಎರಡೂ ಮಾಡುತ್ತಾಳೆ. ಹಬ್ಬಕ್ಕೆ ಬಂದರೆ ಒಂದು ದಿನ ಇದ್ದು ಹೋಗುತ್ತಾಳೆ. ಅವಳ ಅವ್ವ ನನ್ನ ಜೊತೆ ಮಾತಾಡುತ್ತಾಳೆ, ಬೆಲ್ಲ ಮುಗಿದರೆ ಕೇಳಿ ಪಡೆಯುತ್ತಾಳೆ. ಮುಂಚಿನ ಮಾತಲ್ಲ ಅದು.

ವಾಟ್ನಿ ಆಯಿತು. ಅದಕ್ಕೆ ಮುಂಚೆ ಹಿರಿಯ ಗೌಡರು ಒಮ್ಮೆ ಕರೆಸಿ, ಏನವ್ವ ಇದು, ನೀವೇ ಸಭೆ ಇಲ್ಲ ಅಂತ ಬರೆದುಕೊಟ್ಟ ಮೇಲೆ ನಾನು ಯಾರ ಹೆಸರಿಗೆ ಬಿಡಲಿ ಎಂದರು. ಅವರದೇನೂ ತಪ್ಪಿಲ್ಲ. ಭವನ ಎಂದು ಬರೆಸಲು ಕೂಡ ಓಣಿಯಲ್ಲಿ ಇನ್ನು ಯಾರೂ ಸಹಿ ಹಾಕುವವರಿರಲಿಲ್ಲ. ಬೇವಿನ ಗಿಡದಿಂದ ಹಾಸುಗಲ್ಲಿನ ತನಕದ ಜಾಗ ತಮ್ಮನ ಪಾಲಿಗೆ ಹೋಯಿತು. ಅವರು ಗೋಡೆ ಕೆಡವಲಿಲ್ಲ. ಶಿಲುಬೆ ಇಳಿಸಿ, ಬಾಗಿಲನ್ನು ಅಗಲ ಮಾಡಿಸಿ, ನೆಲಕ್ಕೆ ಸಿಮೆಂಟು ಹಾಕಿಸಿ, ತೋಟದ ನಿಂಬೆ ವಿಂಗಡಿಸುವ ಕೋಣೆ ಮಾಡಿದರು. ಸಭಾಪಾಲಕರು ಬರುವುದನ್ನು ನಿಲ್ಲಿಸಿದರು. ಬಂದು ಎಲ್ಲಿ ನಿಲ್ಲಬೇಕು. ಇಂಡಿಯ ಸಭೆಗೆ ಬನ್ನಿ ಎಂದು ಹೇಳಿ ಕಳಿಸಿದ್ದರು. ಮೊದಮೊದಲು ಒಂದಿಬ್ಬರು ಹೋದರು, ಟೆಂಪೋದಲ್ಲಿ ಬೇರೆಬೇರೆ ಕೂತು. ನಾನು ಒಮ್ಮೆ ಹೋಗಿ ಹೊರಗಿನಿಂದಲೇ ತಿರುಗಿ ಬಂದೆ. ಸಭೆಯೇ ಇಲ್ಲ ಎಂದು ಸಹಿ ಮಾಡಿದ ಕೈಯನ್ನು ಕರ್ತನ ಭೋಜನದ ತಟ್ಟೆಗೆ ಚಾಚುವುದು ನನ್ನಿಂದ ಆಗಲಿಲ್ಲ. ಕ್ಷಮೆ ಇದೆ ಎಂದು ನಾನೇ ಎಷ್ಟೋ ಭಾನುವಾರ ಓದಿ ಹೇಳಿದ್ದೇನೆ. ಓದುವುದು ಬೇರೆ.

ಕಳೆದ ಬೇಸಿಗೆಯಲ್ಲಿ ಹೊಲಿಗೆ ಕೆಲಸ ತೀರ ಕಡಿಮೆಯಾಯಿತು. ನಿಂಬೆ ಆರಿಸಲು ಹೆಂಗಸರು ಬೇಕಾಗಿದ್ದಾರೆ ಎಂದು ಹೇಳಿಕೆ ಬಂತು. ದಪ್ಪ ಹಣ್ಣು ಒಂದು ಕಡೆ, ಸಣ್ಣದು ಒಂದು ಕಡೆ, ಕಲೆ ಬಿದ್ದದ್ದು ಉಪ್ಪಿನಕಾಯಿಗೆ. ಓಣಿಯ ಎಲ್ಲ ಹೆಂಗಸರೂ ಹೊರಟರು, ತಂಗಿಯೂ, ನಾನೂ. ಬೆಳಿಗ್ಗೆ ಎಂಟಕ್ಕೆ ನಾನು ಹೋಗುವ ಹೊತ್ತಿಗೆ ಉಳಿದವರು ಒಳಗೆ ಕೂತಿದ್ದರು, ಗೋಡೆಯ ಕಡೆಗೆ ಸಾಲಾಗಿ. ಬಾಗಿಲ ಹೊರಗೆ ಅವರ ಚಪ್ಪಲಿಗಳು ಜೋಡಿಜೋಡಿಯಾಗಿ ಇದ್ದವು. ನಾನೂ ಬಿಟ್ಟು ಒಳಗೆ ಕಾಲಿಟ್ಟೆ.

ಮೇಲ್ವಿಚಾರಣೆಗೆ ಇದ್ದವನು ನಿಡಗುಂದಿ ಕಡೆಯವನು, ಹೊಸಬ, ಈ ಕೋಣೆ ಮೊದಲು ಏನಾಗಿತ್ತು ಎಂಬುದು ಅವನಿಗೆ ಗೊತ್ತಿಲ್ಲ. ಚೀಲದ ಬಾಯಿ ಬಿಚ್ಚುತ್ತ ನಮ್ಮ ಬರಿಗಾಲು ನೋಡಿ ನಕ್ಕ.

“ಚಪ್ಪಲ್ ಹಾಕ್ಕೊಂಡ ಬರ್ರಿ ಯವ್ವಾ, ಒಳಗ ಮುಳ್ಳಿನ ಕಡ್ಡಿ ಅದಾವ. ಇದೇನ ಗುಡಿ ಅಲ್ಲ.”

ಒಬ್ಬೊಬ್ಬರಾಗಿ ಎದ್ದು ಹೊರಗೆ ಬಂದೆವು. ತಂಗಿ ತನ್ನದನ್ನು ಮೆಟ್ಟಿಕೊಂಡು, ನನ್ನದನ್ನು ಕಾಲಿಂದ ನನ್ನ ಕಡೆ ಸರಿಸಿದಳು. ನಾನು ಮೆಟ್ಟಿಕೊಂಡು ಒಳಗೆ ಹೋಗಿ ಕೂತು ದಪ್ಪ ಹಣ್ಣು ಆರಿಸತೊಡಗಿದೆ.